ಟೇಪು ಸುಟ್ಟ ಮೇಲೆ ಉಳಿದ ವ್ಯಾಯಾಮ

ನಾವು ಪರದೇಶಕ್ಕೆ ಬಂದು ನೆಲೆಸಿದ ಸ್ವೋರ್ಡ್ಸ್ ಊರಿನಲ್ಲಿ ನಮ್ಮ ಎದುರುಮನೆಯ ಅಜ್ಜಿ ಒಂದು ಕಾಲಕ್ಕೆ ತಮ್ಮ ದೇಶದ ಟೀವಿಯಲ್ಲಿ ದಿನಾ ಬೆಳಿಗ್ಗೆ ವ್ಯಾಯಾಮ ಹೇಳಿಕೊಡುತ್ತಿದ್ದವರು. ಯುದ್ಧದಲ್ಲಿ ಟೀವಿ ಕೇಂದ್ರಕ್ಕೆ ಬಾಂಬು ಬಿದ್ದು ಅವರ ಟೇಪುಗಳೆಲ್ಲ ಸುಟ್ಟುಹೋದವು. ಮಾತುಮಾತಿಗೂ ಎದೆ ತಟ್ಟಿಕೊಂಡು, "ಟೇಪ್ ಸುಟ್ಟೋಯ್ತು, ನಾನು ಸುಟ್ಟಿಲ್ವಲ್ಲ" ಎನ್ನುತ್ತಿದ್ದರು.

ಲಾಕ್‌ಡೌನ್ ಬಂದದ್ದೇ ತಡ, ಅಜ್ಜಿ ತಮ್ಮ ಗೇಟಿನಲ್ಲಿ ನಿಂತು ಆ ಪಾಠಗಳನ್ನು ಮೊದಲನೆಯದರಿಂದ ಶುರುಮಾಡಿದರು. ರಸ್ತೆಯವರೆಲ್ಲ ನಮ್ಮ ನಮ್ಮ ಗೇಟುಗಳಲ್ಲೇ ನಿಂತು ಕೈಕಾಲು ಆಡಿಸುತ್ತಿದ್ದೆವು. ಎಣಿಕೆ ಮಾತ್ರ ಅವರ ಭಾಷೆಯಲ್ಲೇ ಆಗಬೇಕು.

"ಅಜ್ಜಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಲಾ?" ಎಂದು ಒಮ್ಮೆ ಕೇಳಿದೆ.

"ಫೋನ್ ಜೇಬಲ್ಲಿಡು, ಮೊಣಕಾಲು ಬಗ್ಸು. ಈ ಸಲ ಎಲ್ಲಾನೂ ನಿಮ್ಮ ಮೈಯಲ್ಲೇ ಇಡ್ತೀನಿ. ಯಾರು ಬಂದು ಸುಡ್ತಾರೋ ನೋಡೋಣ!"

ಒಂದು ಬೆಳಿಗ್ಗೆ ಅವರಿಗೇ ಉಸಿರು ಕಟ್ಟಿತು. ಬ್ಯೂಮಾಂಟ್ ಆಸ್ಪತ್ರೆಗೆ ಒಯ್ಯಲು ಆಂಬುಲೆನ್ಸ್ ಬಂತು. ಇನ್ನು ಪಾಠ ಮುಗಿದಂತೆಯೇ ಎಂದುಕೊಂಡು ನಾನು ಗೇಟಿಗೆ ಒರಗಿ ನಿಂತೆ. ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು, ಅಜ್ಜಿಯ ಭಾಷೆಯಲ್ಲಿ ಜೋರಾಗಿ ಎಣಿಸತೊಡಗಿದಳು. ಗೇಟುಗೇಟಿನಲ್ಲೂ ಕೈಗಳು ಮೇಲೆದ್ದವು. ಸ್ಟ್ರೆಚರ್ ಮೇಲಿದ್ದ ಅಜ್ಜಿ ಆಕ್ಸಿಜನ್ ಮಾಸ್ಕ್ ಸರಿಸಿ, ನನ್ನತ್ತ ಬೆರಳು ತೋರಿಸಿ ಗದರಿದರು, "ಏಯ್, ಬೆನ್ನು ನೆಟ್ಟಗೆ!"