ಎರಡೇ ಫರ್ಲಾಂಗ್

ನಮ್ಮ ಅಪ್ಪನಿಗೆ ಈ ಲೋಕದಲ್ಲಿ ಯಾವುದೂ ಎರಡು ಫರ್ಲಾಂಗಿಗಿಂತ ದೂರವಿಲ್ಲ. ರಸ್ತೆ ಅಳೆದೇ ಸಂಬಳ ತೆಗೆದುಕೊಂಡು ನಿವೃತ್ತರಾದ ಮನುಷ್ಯ. ಒಂದು ಫರ್ಲಾಂಗ್ ಎಂದರೆ ಇನ್ನೂರಿಪ್ಪತ್ತು ಗಜ, ಎಂಟು ಸೇರಿದರೆ ಒಂದು ಮೈಲಿ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ಸ್ವಂತ ಬಳಕೆಗೆ ಇಟ್ಟುಕೊಂಡ ಫರ್ಲಾಂಗ್ ಮಾತ್ರ ರಬ್ಬರಿನದು. ನನ್ನ ಮದುವೆಯಲ್ಲಿ ಛತ್ರ ಎರಡೇ ಫರ್ಲಾಂಗ್ ಎಂದು ನಂಬಿಸಿ, ಬೀಗರನ್ನೆಲ್ಲ ಚಾಮರಾಜಪೇಟೆಯ ಉದ್ದಕ್ಕೂ ನಡೆಸಿಬಿಟ್ಟರು. ನಮ್ಮ ಅತ್ತೆ ಅದನ್ನು ಇಂದಿಗೂ ಮರೆತಿಲ್ಲ.

ಹೋದ ವರ್ಷ ಅವರ ಹೃದಯ ಕೈಕೊಟ್ಟಿತು. ದಿನಕ್ಕೆ ನಾನೂರು ಮೀಟರಿಗಿಂತ ಹೆಚ್ಚು ನಡೆಯಕೂಡದು ಎಂದರು ಡಾಕ್ಟರು. ಅಪ್ಪ ಹಿಗ್ಗಿದರು. ನಾನೂರು ಮೀಟರ್ ಎಂದರೆ ಎರಡು ಫರ್ಲಾಂಗ್. ಹನುಮಂತನಗರದ ನಮ್ಮ ಮನೆಯಿಂದ ಗಾಂಧಿಬಜಾರಿನ ಹೋಟೆಲಿಗೂ ಎರಡೇ ಫರ್ಲಾಂಗ್. ಅಲ್ಲಿ ದಿನಾ ಬೆಳಿಗ್ಗೆ ಅವರ ಮೂವರು ಗೆಳೆಯರು ಬೈಟೂ ಕಾಫಿಗೆ ಸೇರುತ್ತಾರೆ. ಅಪ್ಪ ಹೋಗದಿದ್ದರೆ ಜೋಡಿ ಸರಿಹೋಗುವುದಿಲ್ಲವಂತೆ.

ನನಗೆ ರೇಗಿತು. ಆಟೋದಲ್ಲಿ ಹೋಗಿ ಎಂದರೆ, ನಡೆದು ಹೋಗುವವನು ಗಿರಾಕಿ, ಆಟೋದಲ್ಲಿ ಹೋಗುವವನು ರೋಗಿ ಎಂದರು. ಆಮೇಲೆ ಪದದ ಹುಟ್ಟನ್ನೇ ಎಳೆದು ತಂದರು. ಇಂಗ್ಲಿಷರ ಹಳೆಯ ಮಾತಿನಲ್ಲಿ ಫರ್ಲಾಂಗ್ ಎಂದರೆ ನೇಗಿಲ ಸಾಲಿನ ಉದ್ದ. ಎತ್ತುಗಳು ಒಂದೇ ಉಸಿರಿಗೆ ಉತ್ತು, ತಿರುಗುವ ಮುಂಚೆ ಸುಧಾರಿಸಿಕೊಳ್ಳುತ್ತಿದ್ದಷ್ಟು ದೂರವಂತೆ.

"ದಣಿವಾಗೋ ತನಕ ಒಂದು ಫರ್ಲಾಂಗ್ ಕಣಮ್ಮ. ನಂಗೆ ದಣಿವೇ ಆಗಲ್ವಲ್ಲ."

ಹಾಗಾದರೆ ನಮ್ಮ ಬಸವನಗುಡಿಯ ಕಲ್ಲು ಬಸವ ಒಂದು ಗೇಣೂ ಉತ್ತವನಲ್ಲ, ಅವನ ಫರ್ಲಾಂಗ್ ಎಷ್ಟು ಎಂದು ಕೇಳಿದೆ. ಅಪ್ಪ ಪೇಪರ್ ಓದತೊಡಗಿದರು.

ನಾನು ಮಾಮೂಲ್‌ಪೇಟೆಗೆ ಹೋಗಿ ಅಳತೆ ಟೇಪು ತಂದೆ. ಭಾನುವಾರ ಬೆಳಿಗ್ಗೆ ನಾನೂ ನನ್ನ ಗಂಡನೂ ಟೇಪು ಹಿಡಿದು ರಸ್ತೆಯಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತ ಹೊರಟೆವು. ಅಳತೆಯ ಕೆಲಸವಾದ್ದರಿಂದ ಅಪ್ಪ ಆಟೋಗೆ ಒಪ್ಪಿದರು. ನೋಟುಬುಕ್ಕು ಹಿಡಿದು ಹಿಂದೆ ಹಿಂದೆಯೇ ಬಂದರು. ಮೂರನೇ ಗೆರೆಗೆ ಬೀದಿಯೇ ಆಚೆ ಬಂತು. ರಸ್ತೆ ಅಗಲ ಮಾಡುವವರು ಬಂದರೆಂದು ಅವರ ಗಾಬರಿ. ಒಬ್ಬರು ಮನೆಪತ್ರಗಳ ಫೈಲು ತಂದರು. ಇನ್ನೊಬ್ಬಾಕೆ ಆಟೋದೊಳಕ್ಕೆ ಉಪ್ಪಿಟ್ಟಿನ ತಟ್ಟೆ ಚಾಚಿ, ಕಾಂಪೌಂಡ್ ಹೋದರೆ ಹೋಗಲಿ, ತುಳಸಿಕಟ್ಟೆಯೊಂದನ್ನು ಉಳಿಸಿಕೊಡಿ ಎಂದು ಬೇಡಿಕೊಂಡರು. ಅಪ್ಪ ಉಪ್ಪಿಟ್ಟು ಪೂರ್ತಿ ತಿಂದು, ಪರಿಶೀಲಿಸೋಣ ಎಂದರು. ನನಗೆ ನಾಚಿಕೆಯಿಂದ ಸಾಕುಸಾಕಾಯಿತು.

ಹೋಟೆಲಿನ ಹಿಂದಿನ ತಿರುವಿಗೆ ಬರುವಷ್ಟರಲ್ಲಿ ಲೆಕ್ಕ ಐದು ಫರ್ಲಾಂಗ್ ದಾಟಿತ್ತು. ಅಪ್ಪ ಪುಟವನ್ನು ಎರಡು ಸಲ ನೋಡಿ ಮಡಚಿದರು. ಆಟೋದಲ್ಲಿ ಬಂದದ್ದು ಗೆಳೆಯರಿಗೆ ಕಾಣಬಾರದೆಂದು ಅಲ್ಲೇ ಇಳಿದು, ಪಂಚೆ ಸರಿಮಾಡಿಕೊಂಡು ನಡೆದರು. ಟೇಪಿನ ತುದಿ ಆಟೋದ ಬಳಿ ನನ್ನ ಗಂಡನ ಕೈಯಲ್ಲೇ ಇತ್ತು. ನಾನು ಸುರುಳಿ ಬಿಚ್ಚುತ್ತ ಪಕ್ಕದಲ್ಲಿ ಹೋದೆ.

ಹೋಟೆಲಿನ ಬಾಗಿಲಲ್ಲಿ ಅಪ್ಪ ಕಂಬ ಹಿಡಿದು ನಿಂತುಬಿಟ್ಟರು. ಎದೆ ಏರಿಳಿಯುತ್ತಿತ್ತು. ಇಷ್ಟೇ ದೂರಕ್ಕೆ ಇಷ್ಟು ದಣಿವೇ ಎಂದು ನನಗೆ ಭಯವಾಯಿತು. ಒಳಗಿನವರಿಗೆ ಕೇಳಿಸದಂತೆ ಅಪ್ಪ ಮೆಲ್ಲಗೆ ಕೇಳಿದರು.

"ಎಷ್ಟಾಯ್ತಮ್ಮ?"

ಟೇಪಿನಲ್ಲಿ ಇಪ್ಪತ್ತೆರಡು ಮೀಟರ್ ಇತ್ತು.

"ಎರಡು ಫರ್ಲಾಂಗ್ ಅಪ್ಪ," ಎಂದೆ.