ಚಹಾದ ಒಲೆಗೆ ಹೋದ ಮೂವತ್ತೊಂದು ಕಡ್ಡಿ

1998ರ ಮೇ ತಿಂಗಳು. ಆಗ ನಾನು ಹರಪನಹಳ್ಳಿಯ ಕಾಲೇಜೊಂದರಲ್ಲಿ ಬಿ.ಬಿ.ಎಂ. ವಿದ್ಯಾರ್ಥಿಗಳಿಗೆ ಪ್ರೊಡಕ್ಷನ್ ಅಂಡ್ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಕಲಿಸುತ್ತಿದ್ದೆ. ಹೆಸರು ಉದ್ದ, ವಿಷಯ ಸರಳ: ಒಂದು ವಸ್ತುವನ್ನು ದಂಡ ಮಾಡದೆ, ಹೊತ್ತು ಕಳೆಯದೆ, ಹೇಳಿದ ದಿನಕ್ಕೆ ಹೇಗೆ ತಯಾರಿಸಿ ಕೊಡಬೇಕು ಎನ್ನುವುದು. ಅದಕ್ಕೆ ಮೊದಲು ಹನ್ನೆರಡು ವರ್ಷ ದಾವಣಗೆರೆಯ ಒಂದು ನೂಲಿನ ಗಿರಣಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಗಿರಣಿ ಮುಚ್ಚಿದಾಗ ಅಲ್ಲಿಂದ ನನ್ನ ಜೊತೆ ಬಂದದ್ದು ಎರಡೇ: ಒಂದು ಸ್ಟಾಪ್‌ವಾಚ್, ಇನ್ನೊಂದು ಮೂಗಿನ ತುದಿಯ ಸಿಟ್ಟು. ನನ್ನ ಕ್ಲಾಸಿನಲ್ಲಿ ಪ್ರಶ್ನೆ ಕೇಳುವವರು ಕಡಿಮೆ ಇದ್ದರು. ಪಾಠ ಅಷ್ಟು ಚೆನ್ನಾಗಿ ಅರ್ಥವಾಗುತ್ತಿದೆ ಎಂದು ನಾನು ತಿಳಿದುಕೊಂಡಿದ್ದೆ.

ಕೇಳುತ್ತಿದ್ದವಳು ಒಬ್ಬಳೇ, ಉಚ್ಚಂಗಿದುರ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದ ನಾಗವೇಣಿ. ಅಸೆಂಬ್ಲಿ ಲೈನ್ ಪಾಠದ ದಿನ ಎದ್ದು ನಿಂತು, "ಸರ್, ನಮ್ಮ ಕಡಿ ಫ್ಯಾಕ್ಟರಿನ ಇಲ್ಲಲ್ರಿ. ಇದನ್ನ ಎಲ್ಲಿ ನೋಡಬೇಕ್ರಿ?" ಎಂದಳು. ನನಗೆ ಚುರ್ ಎಂದಿತು. ತೋರಿಸುತ್ತೇನೆ, ಕೂತುಕೋ ಎಂದು ಗದರಿದೆ. ಗದರಿದ ಮೇಲೆ ತೋರಿಸಲೇಬೇಕಾಯಿತು.

ಹಡಗಲಿ ರಸ್ತೆಯಲ್ಲಿ ದಸ್ತಗೀರ್ ಸಾಬರ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ತಗಡಿನ ಚಪ್ಪರ, ಒಂದು ಕುಲುಮೆ, ಸಾಬರು, ಅವರ ತಮ್ಮ ಮತ್ತು ಇಬ್ಬರು ಬಡಗಿಗಳು. ಮೂರು ತಲೆಮಾರಿನಿಂದ ಅವರು ಮಾಡುತ್ತಿದ್ದದ್ದು ಕೂರಿಗೆ, ಅಂದರೆ ಎತ್ತುಗಳ ಹಿಂದೆ ಕಟ್ಟಿ ಬೀಜ ಬಿತ್ತುವ ಸಲಕರಣೆ. ಅಡ್ಡಲಾಗಿ ಒಂದು ದಪ್ಪ ಮರದ ದಿಂಡು, ಅದಕ್ಕೆ ತೂತು ಕೊರೆದು ಕೂರಿಸಿದ ಮೂರು ನಾಲ್ಕು ಕಾಲುಗಳು, ಮೇಲೆ ಬೀಜ ಬಿಡುವ ಬಟ್ಟಲು, ಬಟ್ಟಲಿನಿಂದ ಕಾಲುಗಳಿಗೆ ಇಳಿಯುವ ಬಿದಿರಿನ ಕೊಳವೆ. ಆ ವರ್ಷ ಸಾಬರು ಮೂವತ್ತೊಂದು ಕೂರಿಗೆ ಒಪ್ಪಿಕೊಂಡಿದ್ದರು. ಅವರ ತಮ್ಮನ ಬಲಗೈಗೆ ಪೆಟ್ಟು ಬಿದ್ದು ಕೆಲಸ ಹಿಂದೆ ಬಿದ್ದಿತ್ತು. ಜೂನ್ ಮೊದಲ ವಾರ ಮಳೆ ಬಿದ್ದರೆ ನೆಲದ ಹದ ನಾಲ್ಕೈದು ದಿನ ಇರುತ್ತದೆ. ಅಷ್ಟರಲ್ಲಿ ಕೂರಿಗೆ ಕೈಗೆ ಸಿಗದಿದ್ದರೆ ಬಿತ್ತನೆ ತಪ್ಪುತ್ತದೆ, ಸಾಬರ ಮಾತೂ ಹೋಗುತ್ತದೆ.

"ನಮ್ಮ ಅಜ್ಜನ ಕಾಲದಿಂದ ಮಳಿಗಿಂತ ಮೊದಲು ಕೂರಿಗಿ ಕೊಟ್ಟೀವ್ರಿ ಮೇಷ್ಟ್ರ. ಈ ಸಲ ಯಾಕೋ ಜೀವ ಹೆದರಾಕತ್ತೈತಿ," ಎಂದರು ಸಾಬರು.

ನನಗೆ ಬೇಕಾಗಿದ್ದ ಪಾಠ ಕಾಲ ಬುಡದಲ್ಲೇ ಸಿಕ್ಕಿತ್ತು. ಹದಿನಾಲ್ಕು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಮೊದಲ ದಿನ ಬೆಳಿಗ್ಗೆ ಸ್ಟಾಪ್‌ವಾಚ್ ಹಿಡಿದು ಕೂತೆ. ಸಾಬರು ಒಂದು ಕೂರಿಗೆಯನ್ನು ತುದಿಯಿಂದ ಕೊನೆಯವರೆಗೆ ಮುಗಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಿದ್ದರು. ಪ್ರತಿ ಸಲವೂ ಉಳಿ ಬದಲಿಸಬೇಕು, ಕುಲುಮೆ ಮತ್ತೆ ಊದಬೇಕು. ನಾನು ಬ್ಯಾಚ್ ಪದ್ಧತಿ ಹೇಳಿದೆ: ಮೊದಲು ಎಲ್ಲ ಬಟ್ಟಲು, ಆಮೇಲೆ ಎಲ್ಲ ಕೊಳವೆ, ಆಮೇಲೆ ಎಲ್ಲ ಕಾಲು, ದಿಂಡಿಗೆ ತೂತು ಕೊರೆಯುವುದು ಕೊನೆಗೆ. ಸಾಬರು ಗಡ್ಡ ತುರಿಸಿಕೊಂಡು, "ಓದಿದೋರು ಹೇಳ್ತೀರಿ, ನೋಡೇಬಿಡನ," ಎಂದರು. ಮೂರೇ ದಿನದಲ್ಲಿ ಮೂವತ್ತೊಂದು ಬಟ್ಟಲು ಸಾಲಾಗಿ ನಿಂತವು. ಸಾಬರು ಖುಷಿಯಿಂದ ಹುಡುಗರಿಗೆಲ್ಲ ಮಿರ್ಚಿ ಬಜ್ಜಿ ತರಿಸಿದರು. ನಾನಂತೂ ನೆಲದ ಮೇಲೆ ಇರಲಿಲ್ಲ.

ನಾಲ್ಕನೆಯ ದಿನ ಶುಕ್ರವಾರ. ಮಧ್ಯಾಹ್ನ ಸಾಬರೂ ಅವರ ತಮ್ಮನೂ ನಮಾಜಿಗೆ ಹೋದರು, ಬಡಗಿಗಳು ಊಟಕ್ಕೆ ಹೋದರು. ನಮ್ಮ ಶಾಸ್ತ್ರದಲ್ಲಿ ಹೌಸ್‌ಕೀಪಿಂಗ್ ಎಂಬುದೊಂದಿದೆ. ಕೆಲಸದ ಜಾಗದಲ್ಲಿ ಬೇಕಾದದ್ದನ್ನು ಇಟ್ಟುಕೊಂಡು ಬೇಡವಾದದ್ದನ್ನು ತೆಗೆಯಬೇಕು ಎಂಬ ಪಾಠ ಅದು. ಸಾಬರು ಬರುವುದರೊಳಗೆ ಚಪ್ಪರ ಲಕಲಕ ಅನ್ನಬೇಕು ಎಂದು ಹುಡುಗರನ್ನು ಹಚ್ಚಿದೆ. ಹೊಟ್ಟು ಗುಡಿಸಿದರು, ತುಕ್ಕು ಹಿಡಿದ ಮೊಳೆ ಆರಿಸಿದರು. ಚಪ್ಪರದ ಹಿಂಬದಿಯ ಮಣ್ಣಿನ ಗೋಡೆಯ ಬಿರುಕಿನಲ್ಲಿ ಮೊಳದುದ್ದದ ಒಣ ಕಡ್ಡಿಗಳ ಒಂದು ರಾಶಿ ಸಿಕ್ಕಿಸಿತ್ತು. ಒಂದೊಂದಕ್ಕೂ ಒಂದೊಂದು ಬಟ್ಟೆಯ ಚೂರು ಕಟ್ಟಿತ್ತು.

ನಾಗವೇಣಿ ಹತ್ತಿರ ಬಂದು, "ಸರ್, ಇವನ್ನ ಸಾಬ್ರನ್ನ ಕೇಳಿ ತಗಿಯನ್ರಿ," ಎಂದಳು.

"ಮೂರು ದಿನದಿಂದ ಇವನ್ನು ಯಾರಾದರೂ ಮುಟ್ಟಿದ್ದು ನೋಡಿದೀಯೇನಮ್ಮ?"

"ಇಲ್ರಿ ಸರ್."

"ಮತ್ತೆ? ಮುಟ್ಟದೇ ಇರೋದು ಕಸ. ಬರಕೋ."

ಅವಳು ನಿಜವಾಗಿಯೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕಡ್ಡಿಗಳು ಚೆನ್ನಾಗಿ ಒಣಗಿದ್ದವು. ಹುಡುಗರು ಮೂರು ಕಲ್ಲು ಹೂಡಿ, ಅವನ್ನೇ ಉರಿಗೆ ಹಾಕಿ, ಎಲ್ಲರಿಗೂ ಚಹಾ ಕಾಸಿದರು. ಆ ಚಹಾವನ್ನು ನಾನೂ ಕುಡಿದೆ, ಎರಡು ಲೋಟ.

ಸಾಬರು ಬಂದರು. ಚಪ್ಪರದ ಅಂದ ನೋಡಿ, "ಮದಿವಿ ಮನಿ ಆದಂಗ ಆಗೈತಲ್ರಿ," ಎಂದು ನಕ್ಕರು. ಆಮೇಲೆ ಗೋಡೆಯ ಕಡೆ ತಿರುಗಿದರು. ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇಲ್ಲಿದ್ದ ಕಡ್ಡಿ ಎಲ್ಲಿ ಇಟ್ಟೀರಿ ಮೇಷ್ಟ್ರ?"

ನಾಗವೇಣಿ ಒಲೆಯ ಕಡೆ ನೋಡಿದಳು. ಸಾಬರೂ ನೋಡಿದರು, ಬೂದಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತರು. ಕೂಗಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವರು ಮೆತ್ತಗೆ ಹೇಳಿದ್ದು ಇಷ್ಟು. ಬಿತ್ತಿದ ಮೇಲೆ ಸಾಲಿನ ನಡುವಿನ ಕಳೆ ತೆಗೆಯಲು ರೈತರು ಎಡೆಕುಂಟೆ ಹೊಡೆಯುತ್ತಾರೆ. ಆ ಕುಂಟೆ ಮನೆಮನೆಗೆ ಬೇರೆ. ಒಬ್ಬರದು ಗೇಣು, ಇನ್ನೊಬ್ಬರದು ಗೇಣಿನ ಮೇಲೆ ಎರಡು ಬೆರಳು. ಕೂರಿಗೆಯ ಕಾಲುಗಳ ಅಂತರ ಮನೆಯ ಕುಂಟೆಗೆ ಹೊಂದದಿದ್ದರೆ, ಕಳೆಯ ಜೊತೆ ಬೆಳೆಯೂ ಕಿತ್ತು ಬರುತ್ತದೆ. ಅದಕ್ಕಾಗಿ ಕೂರಿಗೆ ಮಾಡಿಕೊಡಿ ಎಂದು ಹೇಳಲು ಬರುವವರು ಮನೆಯಲ್ಲಿ ಕುಂಟೆಗೆ ಹಿಡಿದು ಗುರುತು ಕೊಯ್ದ ಒಂದು ಕಡ್ಡಿ ತರುತ್ತಾರೆ, ಯಾರದೆಂದು ತಿಳಿಯಲು ತಮ್ಮ ಮನೆಯ ಬಟ್ಟೆಯ ಚೂರು ಕಟ್ಟುತ್ತಾರೆ. ದಿಂಡಿಗೆ ತೂತು ಕೊರೆಯುವುದು ಆ ಕಡ್ಡಿ ಹಿಡಿದೇ.

"ಅದು ಕಡ್ಡಿ ಅಲ್ರಿ ಮೇಷ್ಟ್ರ, ಅವರ ಹೊಲ," ಎಂದರು.

ಮೊದಲೆಲ್ಲ ಒಂದೊಂದೇ ಕೂರಿಗೆ ಮಾಡುವಾಗ ದಿನಕ್ಕೊಂದು ಕಡ್ಡಿ ಗೋಡೆಯಿಂದ ಇಳಿಯುತ್ತಿತ್ತು. ತೂತು ಕೊರೆಯುವುದನ್ನು ಕೊನೆಗೆ ತಳ್ಳಿದವನು ನಾನು. ಮೂರು ದಿನ ಕಡ್ಡಿಯನ್ನು ಯಾರೂ ಮುಟ್ಟದಂತೆ ಮಾಡಿದವನೂ ನಾನು, ಮುಟ್ಟಲಿಲ್ಲ ಎಂದು ಅದನ್ನು ಕಸ ಅಂದವನೂ ನಾನೇ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಎಲ್ಲಕ್ಕೂ ಒಂದೇ ಅಳತೆ ಇಟ್ಟುಬಿಡೋಣ, ಇದಕ್ಕೆ ಸ್ಟ್ಯಾಂಡರ್ಡೈಸೇಷನ್ ಅನ್ನುತ್ತಾರೆ ಎಂದೆ. ಸಾಬರು ನನ್ನ ಮುಖವನ್ನು ಮರುಕದಿಂದ ನೋಡಿದರು. ಆ ನೋಟ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಗ ನಾಗವೇಣಿ ನೋಟ್‌ಬುಕ್ ತೆರೆದು ಸಾಬರ ಮುಂದೆ ಕೂತಳು. "ಯಾರ್‍ಯಾರದು ಇದ್ವು ಹೇಳ್ರಿ ಕಾಕಾ, ಬರಕಂತೀನಿ."

ಸಾಬರು ಕಣ್ಣು ಮುಚ್ಚಿಕೊಂಡರು. "ಕೆಂಪು ಸೀರಿ ಅಂಚು, ಬಾಗಳಿ ಕೊಟ್ರಮ್ಮ. ಹಸರು ಲುಂಗಿ ಚೂರು..." ಹೀಗೆ ಮೂವತ್ತೊಂದೂ ಬಂದವು. ಮೂವತ್ತು ಬರೆದು ಕೊನೆಯದಕ್ಕೆ ಅವಳ ಪೆನ್ನು ನಿಂತಿತು. "ಬಿಳಿ ಪಂಜಿ ಚೂರು, ದುರ್ಗದ ಬಸಣ್ಣ," ಎಂದಿದ್ದರು ಸಾಬರು.

"ಅದು ನಮ್ಮಪ್ಪಂದ್ರಿ," ಎಂದಳು.

ನಾನು ಅವಳ ಕಡೆ ತಿರುಗಿದೆ. "ನಿಮ್ಮಪ್ಪನ ಕಡ್ಡಿ ಅಂತ ಗೊತ್ತಿದ್ದೂ ಯಾಕಮ್ಮ ಹೇಳಲಿಲ್ಲ?"

"ಹೇಳಾಕ ಬಂದೆನಲ್ರಿ ಸರ್. ನೀವು ಕಸ ಅಂತ ಬರಕೋ ಅಂದ್ರಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದದ್ದನ್ನು ಆದಂತೆ ಹೇಳಿದ್ದಳು. ರೈತರ ಮನೆಯ ಇನ್ನೂ ಐದಾರು ಹುಡುಗರು ಅಲ್ಲಿದ್ದರು, ಅವರಿಗೂ ಆ ಕಡ್ಡಿ ಏನೆಂದು ಗೊತ್ತಿತ್ತು. ನನ್ನ ಸಿಟ್ಟಿಗೆ ಹೆದರಿ ಎಲ್ಲರೂ ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರು.

ಶನಿವಾರ ಬೆಳಿಗ್ಗೆ ಹುಡುಗರು ಹಳ್ಳಿಗಳನ್ನು ಹಂಚಿಕೊಂಡು ಬಸ್ಸು, ಸೈಕಲ್ಲು ಹತ್ತಿದರು. ನನ್ನ ಪಾಲಿಗೆ ಬಾಗಳಿ ತೆಗೆದುಕೊಂಡೆ. ಕೊಟ್ರಮ್ಮ ಅರವತ್ತು ದಾಟಿದ ಗಟ್ಟಿ ಹೆಂಗಸು, ಹೊಲದ ಯಜಮಾನಿಕೆ ಅವರದೇ. ಆದದ್ದನ್ನು ಒಂದೂ ಮುಚ್ಚಿಡದೆ ಹೇಳಿದೆ.

"ಹುಡುಗರಿಗೆ ಕಲಿಸೋ ಮೇಷ್ಟ್ರಂತೀರಿ. ಒಲಿಗೆ ಹಾಕಿದ್ರಾ?"

"ಹಾಕಿದೆವು ತಾಯಿ."

"ಸುಳ್ಳು ಹೇಳಲಿಲ್ಲಲ್ಲ, ಅಷ್ಟ ಸಾಕು. ಕೂಡ್ರಿ, ಮಜ್ಜಿಗಿ ಕುಡೀರಿ."

ನಾನು ಸ್ಟೀಲ್ ಟೇಪು ಬಿಚ್ಚಿ ಕುಂಟೆ ಅಳೆದೆ. ಅವರು ನನ್ನ ಚೀಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಿತ್ತಿಲಿನಿಂದ ಹೊಸ ಕಡ್ಡಿ ತಂದು, ಕುಂಟೆಗೆ ಹಿಡಿದು ಕುಡುಗೋಲಿನಿಂದ ಗುರುತು ಕೊಯ್ದರು. ಅಂಥದೇ ಇನ್ನೊಂದು ಕೊಯ್ದು ಸೂರಿನಲ್ಲಿ ಸಿಕ್ಕಿಸಿದರು. "ಇದು ನನ್ನ ಕಡಿ ಇರ್ಲಿ. ನಿಮ್ಮನ್ನ ನಂಬಾಕ ಬರಂಗಿಲ್ಲ," ಎಂದರು. ಕೆಂಪು ಅಂಚಿನ ಚೂರು ಕಟ್ಟಿದ ಕಡ್ಡಿಯನ್ನು ಬಸ್ಸಿನಲ್ಲಿ ಎರಡು ಕೈಯಲ್ಲಿ ಹಿಡಿದುಕೊಂಡು ಬಂದೆ.

ಸೋಮವಾರ ಸಂಜೆಗೆ ಮೂವತ್ತೊಂದು ಕಡ್ಡಿ ಮತ್ತೆ ಗೋಡೆ ಸೇರಿದವು. ಅಳೆದು ನೋಡಿದರೆ ಅವುಗಳಲ್ಲಿ ಹದಿನೇಳು ಬೇರೆ ಬೇರೆ ಅಳತೆ ಇತ್ತು. ನಾವು ಹಳ್ಳಿ ಸುತ್ತುವಷ್ಟರಲ್ಲಿ ಕೊಳವೆ, ಕಾಲುಗಳೂ ಬ್ಯಾಚಿನಲ್ಲಿ ತಯಾರಾಗಿದ್ದರಿಂದ ಉಳಿದಿದ್ದ ದಿನಗಳೆಲ್ಲ ತೂತು ಕೊರೆಯುವುದಕ್ಕೇ ಸಿಕ್ಕವು. ಹುಡುಗರು ಕಡ್ಡಿ ಹಿಡಿದರು, ಸಾಬರು ಕೊರೆದರು, ನಾನು ಅವರು ಹೇಳಿದ ಕೆಲಸ ಮಾಡಿದೆ. ಎಲ್ಲರಿಗೂ ಒಂದೇ ಆಗಿರುವುದನ್ನು ಮೊದಲು ಒಟ್ಟಿಗೆ ಮಾಡು, ಒಬ್ಬೊಬ್ಬರಿಗೆ ಬೇರೆಯಾಗಿರುವುದನ್ನು ಕೊನೆಗೆ ಅವರವರ ಅಳತೆಗೆ ಮಾಡು ಎಂಬ ಪಾಠ ಪುಸ್ತಕದಲ್ಲೂ ಇದೆ. ನನಗೆ ಅದು ಆ ಚಪ್ಪರದಲ್ಲಿ ತಿಳಿಯಿತು.

ಜೂನ್ ಐದರಂದು ಮಳೆ ಬಿತ್ತು. ಅಷ್ಟೊತ್ತಿಗೆ ಮೂವತ್ತು ಕೂರಿಗೆ ಹೋಗಿದ್ದವು, ಕೊನೆಯದನ್ನು ಒಯ್ಯಲು ಮರುದಿನ ಕೊಟ್ರಮ್ಮನೇ ಗಾಡಿ ಕಟ್ಟಿಸಿಕೊಂಡು ಬಂದರು. ಮನೆಯಲ್ಲಿಟ್ಟಿದ್ದ ತಮ್ಮ ಕಡ್ಡಿಯನ್ನು ಸೆರಗಿನಿಂದ ತೆಗೆದು, ಕಾಲಿನಿಂದ ಕಾಲಿಗೆ ಹಿಡಿದು ನೋಡಿದರು. ಸಾಬರೂ ನಾನೂ ಬಗ್ಗಿ ನೋಡಿದೆವು.

"ಸರಿ ಐತಿ ಸಾಬ್ರ," ಎಂದರು. ಆಮೇಲೆ ಆ ಕಡ್ಡಿಯನ್ನು ನನ್ನ ಕಡೆ ಚಾಚಿ, "ಮೇಷ್ಟ್ರ, ಚಹಾಕ್ಕ ಕಟಿಗಿ ಬೇಕಾಗಿತ್ತೇನು?" ಎಂದರು. ಹುಡುಗರು ನಕ್ಕರು. ನನ್ನ ಮುಂದೆ ಅವರು ಹಾಗೆ ಬಾಯಿ ಬಿಟ್ಟು ನಕ್ಕಿದ್ದು ಅದೇ ಮೊದಲು, ನನಗೆ ಬಹಳ ಹಿತವಾಯಿತು.

ಅಂದಿನಿಂದ ನಿವೃತ್ತನಾಗುವವರೆಗೆ ಪ್ರತಿ ಮೇ ತಿಂಗಳೂ ಹೊಸ ಬ್ಯಾಚನ್ನು ಸಾಬರ ಚಪ್ಪರಕ್ಕೆ ಕರೆದುಕೊಂಡು ಹೋದೆ. ಟ್ರ್ಯಾಕ್ಟರ್ ಬಂದು ಕೂರಿಗೆ ಕಡಿಮೆಯಾದರೂ ಹೋದೆ. ಸ್ಟಾಪ್‌ವಾಚನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆ. ಅಲ್ಲಿ ಮೊದಲ ದಿನದ ಕೆಲಸ ಒಂದೇ: ಕಂಡದ್ದನ್ನೆಲ್ಲ, ಇದು ಯಾರದು, ಯಾತಕ್ಕೆ ಎಂದು ಕೇಳುವುದು. ಬೇಡವಾದದ್ದನ್ನು ತೆಗೆಯುವುದು ಆಮೇಲಿನ ಮಾತು. ಕೇಳಲು ಹೆದರುವ ಜನ ಇರುವ ಕಡೆ ಯಾವ ಮ್ಯಾನೇಜ್‌ಮೆಂಟೂ ನಡೆಯುವುದಿಲ್ಲ. ಇದನ್ನು ನನಗೆ ಕಲಿಸಿದವಳು ನನ್ನದೇ ವಿದ್ಯಾರ್ಥಿನಿ.

ಎರಡನೆಯ ವರ್ಷ ಹೋದಾಗ ಗೋಡೆಯಲ್ಲಿ ಖಾದಿ ಬಟ್ಟೆಯ ಚೂರು ಕಟ್ಟಿದ ಒಂದು ಕಡ್ಡಿ ಇತ್ತು. ಯಾರದು ಎಂದು ಕೇಳಿದೆ. "ನಿಮ್ಮದ್ರಿ, ಇಲ್ಲಿ ಖಾದಿ ತೊಡೋರು ನೀವೊಬ್ರ ಅಲ್ಲೇನು. ನೀವೂ ವರ್ಷಕ್ಕೊಂದು ಸಾಲು ಬಿತ್ತಾಕತ್ತೀರಲ್ಲ," ಎಂದು ಸಾಬರು ಅದಕ್ಕೆ ಎರಡನೆಯ ಗುರುತು ಕೊಯ್ದರು. ನಾನು ನಿವೃತ್ತನಾದ 2008ರಲ್ಲಿ ಹನ್ನೊಂದನೆಯದನ್ನು ಕೊಯ್ದು, "ಇನ್ನ ಬರಂಗಿಲ್ಲಲ್ಲ, ಮನಿಗೆ ಒಯ್ತೀರೇನು?" ಎಂದರು. ಬೇಡ, ಅಲ್ಲೇ ಇರಲಿ ಎಂದೆ. ಮುಂದೆ ಯಾರಾದರೂ ಪೊರಕೆ ಹಿಡಿದು ಬಂದರೆ, ಇದು ಯಾರದು ಎಂದು ಒಂದು ಮಾತು ಕೇಳಿಯಾರು.