ಶಟಲ್ ಕೋರ್ಟಿನ ಮೇಲೆ ಕಾಫಿ

ಮೂಡಿಗೆರೆಯ ಬಟ್ಟೆ ಅಂಗಡಿ ರೇವಣ್ಣನವರ ಹೆಂಡತಿ ಗಿರಿಜಾಂಬಾ ಬಡಾವಣೆಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರಾದದ್ದಕ್ಕೆ ಅವರ ತಾಳ್ಮೆಯೇ ಕಾರಣ. ತಾಳ್ಮೆಯಿಂದ ಕೆಟ್ಟವರಲ್ಲಿ ಇವರೂ ಒಬ್ಬರು. ಅಂಗಡಿಯ ಸೀರೆಯನ್ನೆಲ್ಲ ಬಿಚ್ಚಿಸಿ, ಕಡೆಗೆ ‘ನಾಳೆ ಬರ್ತೀವಿ’ ಎಂದು ಎದ್ದುಹೋಗುವವರನ್ನೂ ನಗುನಗುತ್ತಾ ಕಳಿಸಿಕೊಡುವವರು. ಇಂಥವರಿಗೆ ಸಂಘ ನಡೆಸುವುದು ಯಾವ ಲೆಕ್ಕ ಎಂದು ಎಲ್ಲರೂ ಸೇರಿ ಕುರ್ಚಿಯ ಮೇಲೆ ಕೂರಿಸಿದರು. ಆಮೇಲೆ ಅವರವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದು ತೊಂಬತ್ತೊಂಬತ್ತನೇ ಇಸವಿ. ಮಕ್ಕಳ ಶಾಲೆಗೆಂದು ತೋಟದಿಂದ ಬಂದು ಪೇಟೆಯಂಚಿನಲ್ಲಿ ಮನೆ ಕಟ್ಟಿಕೊಂಡವರೇ ಆ ಬಡಾವಣೆಯಲ್ಲಿ ಹೆಚ್ಚು. ಗಿರಿಜಾಂಬಾ ಮೊದಲು ಮಾಡಿಸಿದ್ದು ಮಕ್ಕಳಿಗೊಂದು ಶಟಲ್ ಕೋರ್ಟು. ಏರುತಗ್ಗಿನ ಜಾಗವನ್ನು ಸಮ ಮಾಡಿಸಿ, ನುಣ್ಣಗೆ ಸಿಮೆಂಟು ಹಾಕಿಸಿ, ಬಿಳಿ ಗೆರೆ ಎಳೆಸಿದರು. ಕಾಫಿ ಸೀಮೆಯಲ್ಲಿ ಬಿಸಿಲು ಬೀಳುವ ಕಡೆ ಅಷ್ಟಗಲ ಸಿಮೆಂಟು ಹಾಕಿಸಿ, ಅದು ಆಟಕ್ಕೆ ಅಂದರೆ ಯಾರು ನಂಬುತ್ತಾರೆ? ಡಿಸೆಂಬರಿನಲ್ಲಿ ಎದುರುಮನೆಯ ಕೃಷ್ಣಪ್ಪಗೌಡರು ಒಂದು ಜೀಪು ಕಾಫಿ ಹಣ್ಣು ತಂದು ಗೆರೆಯಿಂದ ಗೆರೆಗೆ ಒಪ್ಪವಾಗಿ ಒಣಗಲು ಹರವಿದರು.

ಈ ಗೌಡರು ಸಭೆಯಲ್ಲಿ ಪ್ರತಿಯೊಂದಕ್ಕೂ ಎದ್ದು ನಿಲ್ಲುವವರು. ಬೀದಿದೀಪ ಹಾಕಿಸೋಣ ಎಂದರೂ “ನನ್ನ ವಿರೋಧ ಇದೆ”, ಬೇಡ ಎಂದರೂ “ನನ್ನ ವಿರೋಧ ಇದೆ”. ಕೋರ್ಟು ಬೇಡ ಎಂದವರು ಇವರೊಬ್ಬರೇ. ಈಗ ಅದರ ಉಪಯೋಗ ಕಂಡುಕೊಂಡವರೂ ಇವರೊಬ್ಬರೇ.

ಗಿರಿಜಾಂಬಾ ಹೋಗಿ ಕೇಳಿದರು. “ಗೌಡ್ರೆ, ಇದು ಮಕ್ಳು ಆಡೋ ಜಾಗ ಅಲ್ವಾ?”

“ಹೌದು ಗಿರಿಜಮ್ಮೋರೆ, ಯಾರು ಅಲ್ಲ ಅಂದ್ರು? ತೋಟದಲ್ಲಿ ಕಾಫಿ ಒಣಗ್ಸೋ ಕಣಕ್ಕೆ ಬರೀ ನೆರಳು ನೋಡಿ. ತೆಗೀತೀನಿ. ಒಳಗೆ ಬನ್ನಿ, ಕಾಫಿ ಕುಡೀರಿ.”

ಕುಡಿದು ಬಂದರು. ಮಾರನೇ ದಿನ ಇನ್ನೊಂದು ಜೀಪು ಹಣ್ಣು ಬಂತು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಇಷ್ಟು ಮರ್ಯಾದೆ ಕೊಟ್ಟು ಮಾತು ಕೇಳದವರನ್ನು ಏನು ಮಾಡುವುದು ಎಂದು ಅವರ ತಲೆ ಕೆಟ್ಟುಹೋಯಿತು.

ಪಕ್ಕದ ಮನೆಯ ಮುತ್ತಮ್ಮ ದಿನಾ ಬೇಲಿಯ ಹತ್ತಿರ ಬಂದು ಚುಚ್ಚುತ್ತಿದ್ದರು. “ನೀವು ಹಿಂಗೇ ಬಿಟ್ರೆ ನಾಳೆ ನಮ್ಮನೆ ಜಗಲಿ ಮೇಲೂ ಹರವ್ತಾರೆ.” ಸರಿ ಎಂದು ಸಭೆ ಕರೆದು ವಿಷಯ ಎತ್ತಿದರೆ ಅದೇ ಮುತ್ತಮ್ಮ ಸೆರಗಿನ ಅಂಚು ನೋಡುತ್ತಾ, “ಒಣಗಾಕಿದ ಕಾಫಿ ತೆಗೀರಿ ಅಂತ ಹೆಂಗ್ ಹೇಳದು, ಪಾಪ” ಎಂದುಬಿಟ್ಟರು. ಕೂತವರೆಲ್ಲ ತಲೆಯಾಡಿಸಿದರು. ಯಾರು ತನ್ನ ಕಡೆ, ಯಾರು ಗೌಡರ ಕಡೆ? ಗಿರಿಜಾಂಬಾಗೆ ತಲೆಬುಡ ತಿಳಿಯಲಿಲ್ಲ. ಆ ಗಲಿಬಿಲಿಯಲ್ಲಿ ಬಾಯಿ ಜಾರಿ ಹೇಳಿಯೇಬಿಟ್ಟರು: “ಭಾನುವಾರದೊಳಗೆ ಕೋರ್ಟು ಖಾಲಿ ಆಗ್ದಿದ್ರೆ ನಾನು ಅಧ್ಯಕ್ಷೆ ಅಲ್ಲ.”

ಮನೆಗೆ ಬಂದ ಮೇಲೆ ಆಡಿದ ಮಾತಿನ ಅರ್ಥ ತಿಳಿಯಿತು. ಎಷ್ಟೇ ಬೈದುಕೊಂಡರೂ ಆ ಕುರ್ಚಿ ಅವರಿಗೆ ಇಷ್ಟವಾಗಿತ್ತು. ಅಂಗಡಿಯಲ್ಲಿ ಅವರು ರೇವಣ್ಣನವರ ಹೆಂಡತಿ; ಸಂಘದಲ್ಲಿ ಮಾತ್ರ ಗಿರಿಜಾಂಬಾ. ಅದು ಕೈತಪ್ಪಿ ಹೋಗುತ್ತದಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಶನಿವಾರ ಮಧ್ಯಾಹ್ನ ಅಕಾಲದಲ್ಲಿ ಮೋಡ ಕವಿಯಿತು. ಗೌಡರು ತೋಟಕ್ಕೆ ಹೋಗಿದ್ದರು. ಗಿರಿಜಾಂಬಾ ಸುಮ್ಮನೆ ಕಿಟಕಿಯಲ್ಲಿ ನಿಂತಿದ್ದರೆ ಸಾಕಿತ್ತು. ನೆನೆದು ಬೂಷ್ಟು ಹಿಡಿಯುವ ಕಾಫಿಯನ್ನು ಗೌಡರೇ ಬಳಿದುಕೊಂಡು ಹೋಗುತ್ತಿದ್ದರು, ಕುರ್ಚಿಯೂ ಉಳಿಯುತ್ತಿತ್ತು. ಆದರೆ ಮೊದಲ ಹನಿ ಬಿದ್ದದ್ದಷ್ಟೇ ಅವರಿಗೆ ಗೊತ್ತು. ನೋಡಿಕೊಂಡರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೊರಕೆ ಹಿಡಿದು ಕೋರ್ಟಿನ ನಡುವೆ ನಿಂತಿದ್ದಾರೆ!

“ಮುತ್ತಮ್ಮಾ, ಟಾರ್ಪಾಲು ತನ್ನಿ! ಆ ಕಡೆಯಿಂದ ಬಾಚಿ, ಬೇಗ!”

ಸಭೆಯಲ್ಲಿ ಯಾವ ಮಾತಿಗೂ ಮಿಸುಕದ ಬಡಾವಣೆ ಅವತ್ತು ಮಾತು ಮುಗಿಯುವ ಮೊದಲೇ ಓಡಿತು. ಮನೆಮನೆಯಿಂದ ಟಾರ್ಪಾಲು ಬಂತು, ರೇವಣ್ಣನವರ ಅಂಗಡಿಯಿಂದ ಬಟ್ಟೆಗೆ ಸುತ್ತಿ ಬಂದಿದ್ದ ಪ್ಲಾಸ್ಟಿಕ್ಕೂ ಬಂತು. ಮಳೆ ಜೋರಾಗುವಷ್ಟರಲ್ಲಿ ಹಣ್ಣೆಲ್ಲ ರಾಶಿಯಾಗಿ ಹೊದಿಕೆಯಡಿ ಸೇರಿತ್ತು. ತಾನು ಯಾಕೆ ಹೀಗೆ ಮಾಡಿದೆ ಎಂದು ಗಿರಿಜಾಂಬಾ ತಲೆ ಒರೆಸಿಕೊಳ್ಳುತ್ತಾ ಯೋಚಿಸಿದರು.

ಭಾನುವಾರ ರಾಶಿ ಕೋರ್ಟಿನ ಮೇಲೆ ಹಾಗೇ ಇತ್ತು. ಆಡಿದ ಮಾತು ಆಡಿದ್ದೇ. ಸಭೆಯಲ್ಲಿ ಎದ್ದು ರಾಜೀನಾಮೆ ಕೊಡುತ್ತೇನೆ ಎಂದರು. ಯಾರಾದರೂ ಬೇಡ ಎನ್ನುತ್ತಾರೇನೋ ಎಂದು ಒಂದು ಸುತ್ತು ನೋಡಿದರು. ಮುತ್ತಮ್ಮ ಸೆರಗಿನ ಅಂಚು ನೋಡುತ್ತಿದ್ದರು. ಉಳಿದವರು ಮುತ್ತಮ್ಮನನ್ನು ನೋಡುತ್ತಿದ್ದರು.

ಹಿಂದಿನ ಸಾಲಿನಿಂದ ಕೃಷ್ಣಪ್ಪಗೌಡರು ಎದ್ದರು. “ನನ್ನ ವಿರೋಧ ಇದೆ.”

“ಇದಕ್ಕೂ ಯಾಕೆ ಗೌಡ್ರೆ?” ಎಂದರು ಗಿರಿಜಾಂಬಾ.

“ಯಾಕೆ ಅಂದ್ರೆ? ಕಾಫಿಗೆ ಇನ್ನೂ ಒಂದು ವಾರ ಬಿಸ್ಲು ಬೇಕು. ಮತ್ತೆ ಮಳೆ ಬಂದ್ರೆ ಇವ್ರನ್ನೆಲ್ಲ ಎಬ್ಸೋರ್ ಯಾರು ಮಾರಾಯ್ರೆ?”

ಇದು ಹೊಗಳಿಕೆಯೋ, ಕಣ ಕಾಯುವ ಕೆಲಸವೋ, ಗಿರಿಜಾಂಬಾಗೆ ಅರ್ಥವಾಗಲಿಲ್ಲ. ಸಿಟ್ಟು ಬರಬೇಕಿತ್ತು, ಕಣ್ಣು ತುಂಬಿ ಬಂತು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಮತ್ತೆ ಅದೇ ಕುರ್ಚಿಯಲ್ಲಿ ಕೂತರು.